ಹೊರಗಿಂದ ಬಡಿದ ಮೊಳೆ

ಅಥಣಿ ರಸ್ತೆಯ ಆ ಮನೆಗೆ ಜೋಡಿ ಗಾಜಿನ ಕಿಟಕಿ ಕೂರಿಸಲು ಸಿದ್ದಲಿಂಗೇಶ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಮುಂದಿನ ತಿಂಗಳು ಮನೆಯ ಮಗ ಧೀರೇಂದ್ರನಿಗೆ ಎರಡನೇ ಮದುವೆ. ಹುಡುಗಿ ತಿಕೋಟಾದ ಮಾಸ್ತರರ ಮಗಳು ಶರ್ವರಿ. ಪಡುವಣದ ಈ ಕೋಣೆ ಅವಳಿಗೇ.

"ಇಲ್ಲಿ ಹೊಸಾ ಎಸಿ ಹಾಕಸ್ತೇವಿ. ತಂಪೆಲ್ಲಾ ಹಳೇ ಕದದ ಸಂದ್ಯಾಗ ಸೋರಿ ಹೋಗ್ತದ. ಕರೆಂಟ್ ಬಿಲ್ ನೋಡಿದ್ರ ಎದಿ ಒಡೀತದ," ಅಂದ ಧೀರೇಂದ್ರ.

"ಇರುವಿ ಉಸರ ಬಿಟ್ರೂ ಹೊರಗ ಬರಂಗಿಲ್ಲ, ಹಂಗ ಮಾಡಿ ಕೊಡ್ತೇನಿ ತಗೋರಿ."

ಧೀರೇಂದ್ರನ ತಾಯಿ ಸಖೂಬಾಯಿ ಚಹಾ ತಂದಳು. "ಎರಡು ವರ್ಷಾತು ಈ ಖೋಲಿ ಮುಚ್ಚಿ. ನಮ್ಮ ಮೊದಲನೇ ಸೊಸಿ ನಂದಾ ಇಲ್ಲೇ ಹೋದ್ಳಪ್ಪಾ, ಬಿಸಲ ಬಡದು."

"ಬಿಸಲು ಹೊಲದಾಗ ಬಡೀತೈತಿ. ಖೋಲ್ಯಾಗ ಹೆಂಗ ಬಡೀತ್ರಿ, ಅಮ್ಮಾರ?"

ಸಖೂಬಾಯಿ ಚಹಾದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಏಳನೇ ಇಯತ್ತೆಗೆ ಸಾಲಿ ಬಿಟ್ಟ ಸಿದ್ದಲಿಂಗೇಶನಿಗೆ ಪುಸ್ತಕಕ್ಕಿಂತ ಕಟ್ಟಿಗೆ ಓದುವುದು ಚಲೋ ಬರುತ್ತಿತ್ತು. ಕಿಟಕಿಯ ಸಾಗವಾನಿ ಕದ ಮೀಟಿದ, ಅಲುಗಲಿಲ್ಲ. ಬಣ್ಣ ಕೆರೆದು ನೋಡಿದರೆ ಕದವನ್ನು ಚೌಕಟ್ಟಿಗೆ ಸೇರಿಸಿ ಬಡಿದ ಆರು ಮೊಳೆ. ಆರರ ತಲೆಯೂ ಹೊರಗಡೆ. ಗಾಳಿಗೆ ಹೆದರಿ ಕಿಟಕಿಗೆ ಮೊಳೆ ಹೊಡೆದುಕೊಳ್ಳುವವರು ಒಳಗೆ ನಿಂತು ಬಡಿಯುತ್ತಾರೆ. ಹೊರಗೆ ನಿಂತು ಬಡಿದು, ಮೇಲೆ ಬಣ್ಣ ಬಳಿದ ಭಾಡ್ಯಾ ಯಾವನು? ಕಿತ್ತ ಕದ ಮಗುಚಿದ. ಒಳಮೈ ಗೇಣುದ್ದ ಕೆರೆದು ಬೆಳ್ಳಗಾಗಿತ್ತು. ಇಲಿಯಾದರೆ ಅಂಚು ಕಡಿಯುತ್ತದೆ. ಇದು ಉಗುರು.

ಅವನು ಕದವನ್ನು ಹೊರಗೋಡೆಗೆ ಆನಿಸಿದ. ಕೈಗಳು ರೂಢಿಯ ಮೇಲೆ ಗಾಜು ಕೂರಿಸಿದವು, ಸಂದಿಗೆ ಅಂಟು ತುಂಬಿದವು. ಇನ್ನು ಉಳಿದದ್ದು ಪರೀಕ್ಷೆ: ಒಳಗೊಬ್ಬರು ಒದರಬೇಕು, ಹೊರಗೆ ಕೇಳಬಾರದು.

"ಅವ್ವಾ, ಖೋಲ್ಯಾಗ ನಿಂತು ಒದರು!" ಎಂದು ಕೂಗಿ ಧೀರೇಂದ್ರ ಹೊರಗಿನಿಂದ ಗಾಜಿಗೆ ಕಿವಿ ಹಚ್ಚಿದ. ಅವನ ಮುಖ ರಸ್ತೆಯ ಕಡೆ ಇತ್ತು, ಒಳಗಿನದು ಅವನಿಗೆ ಕಾಣುತ್ತಿರಲಿಲ್ಲ.

ಪಕ್ಕದಲ್ಲಿ ನಿಂತ ಸಿದ್ದಲಿಂಗೇಶ ನೋಡುತ್ತಿದ್ದಂತೆ ಒಳಗೆ ಹೆಂಗಸೊಬ್ಬಳು ಬಂದು ಗಾಜಿಗೆ ಎರಡೂ ಅಂಗೈ ಒತ್ತಿದಳು. ಬಿಸಿಲಿನ ಝಳಕ್ಕೆ ಮುಖ ಕಾಣಲಿಲ್ಲ, ಬಾಯಿ ಆಡುವುದು ಮಾತ್ರ ಕಂಡಿತು. *ತಗೀರಿ. ತಗೀರಿ.*

"ಒಂದ ಅಕ್ಷರ ಕೇಳವಲ್ದು! ಶಾಬಾಸ್!" ಧೀರೇಂದ್ರ ನಕ್ಕ.

ಅಷ್ಟರಲ್ಲಿ ಅಡುಗೆಮನೆಯ ಹಿತ್ತಲ ಬಾಗಿಲಿನಿಂದ ಸಖೂಬಾಯಿ ಕೈ ಒರೆಸಿಕೊಳ್ಳುತ್ತ ಬಂದಳು. "ಏನಂದ್ಯೋ ಧೀರೂ? ಹಾಲು ಉಕ್ಕಲಿಕ್ಕೆ ಹತ್ತಿತ್ತು, ಒಲಿ ಬಿಟ್ಟು ಅಲುಗಿಲ್ಲ ನಾ."

ಸಿದ್ದಲಿಂಗೇಶ ಮತ್ತೆ ಇಣುಕಿದ. ಗಾಜಿನ ಹಿಂದೆ ಬರೀ ಗೋಡೆ.  ಕದ ಎತ್ತಿ ಟಂಟಂ ಗಾಡಿಗೆ ಹಾಕಿದ.

"ಏ, ಅದು ಒಲಿಗೆ ಬೇಕು. ಇಳಸು!" ಧೀರೇಂದ್ರ ಕೂಗಿದ.

"ಕೂಲಿ ನೀವ ಇಟ್ಕೋರಿ," ಎಂದವನೇ ಗಾಡಿ ಬಿಟ್ಟ. ಧೀರೇಂದ್ರನ ಕರೆಗೆ ಅವನ ಕಿಸೆಯ ಫೋನು ತಿಕೋಟಾದ ತನಕ ಬಡಿದುಕೊಂಡಿತು.

ಮಾಸ್ತರರ ಕಟ್ಟೆಗೆ ಕದ ಆನಿಸಿ ನಿಲ್ಲಿಸಿದ. "ನಿಮ್ಮ ಮಗಳಿಗೆ ಕೊಡೂ ಖೋಲಿ ಕಿಡಕಿ ಕದ ಇದು, ಮಾಸ್ತರ. ಮೊದಲ ಸೊಸಿ ಒಳಗಿದ್ಲು. ಮೊಳಿ ಹೊರಗಿಂದ ಬಡದಾರ."

"ಬೀಗರ ಹೆಸರು ಕೆಡಸಾಕ ಬಂದೀಯೇನಲೇ? ನಡಿ ಇಲ್ಲಿಂದ!"

ಶರ್ವರಿ ಹೊರಗೆ ಬಂದಳು. ಕದದ ಮುಂದೆ ಕುಕ್ಕರಗಾಲಲ್ಲಿ ಕೂತು ಗೀರುಗಳ ಮೇಲೆ ಬೆರಳಿಟ್ಟಳು. ಸುಟ್ಟವಳಂತೆ ಕೈ ಎಳೆದುಕೊಂಡಳು.

"ಎಷ್ಟು ದಿನ ಇದ್ಲಂತ ಒಳಗ?"

"ಮೊಳಿ ಬಡದವರಿಗೇ ಗೊತ್ರೀ," ಅಂದ ಸಿದ್ದಲಿಂಗೇಶ. ಮಾಸ್ತರರು ಮೊಳೆಯ ತೂತುಗಳನ್ನೇ ನೋಡುತ್ತ ಕಟ್ಟೆಯ ಮೇಲೆ ಕುಸಿದರು.

ಸಿದ್ದಲಿಂಗೇಶನ ಕಿಸೆಯಲ್ಲಿ ಮತ್ತೆ ಬಡಿದುಕೊಳ್ಳುತ್ತಿದ್ದ ಫೋನಿಗೆ ಶರ್ವರಿ ಕೈ ಚಾಚಿದಳು. "ಫೋನ್ ಕೊಡಪ್ಪಾ. ಅವರನ್ನ ಕೇಳ್ತೀನಿ."