ನೂರಾ ಹದಿಮೂರನೇ ಪುಟದಿಂದ

ಹೊಸಪೇಟೆಯ ತಾಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಶೈಲಶ್ರೀಯದೊಂದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಬಂದವರು ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಹದಿನೆಂಟು ವರ್ಷಗಳಿಂದ ಆಕೆ ಅಲ್ಲಿ ಕುಳಿತು ಊರವರ ಅರ್ಜಿ, ಅಫಿಡವಿಟ್ಟು, ಮದುವೆ ಕಾರ್ಡುಗಳನ್ನು ಟೈಪು ಮಾಡುತ್ತ ಬಂದಿದ್ದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತನ್ನದನ್ನು ಟೈಪು ಮಾಡುತ್ತಿದ್ದಳು. ಮೊದಲು ಒಂದು ಕಥಾಸಂಕಲನ ಬಂತು. ಅದರ ಇನ್ನೂರು ಪ್ರತಿಗಳಲ್ಲಿ ಹೆಚ್ಚಿನವು ನೆಂಟರಿಷ್ಟರ ಮನೆಯ ಟಿವಿ ಸ್ಟ್ಯಾಂಡುಗಳ ಕೆಳಗೆ ಸೇರಿಕೊಂಡವು. ಆಮೇಲೆ ನಾಲ್ಕು ವರ್ಷ ಹಿಡಿದು ಒಂದು ಕಾದಂಬರಿ ಬರೆದಳು. ಹೆಸರು ‘ಏಳನೇ ಬೆಂಚು’.

ಗಣಿಯಲ್ಲಿ ಗುಡ್ಡವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಆ ಒಂದೊಂದು ಮೆಟ್ಟಿಲಿಗೂ ಬೆಂಚು ಎಂದು ಹೆಸರು. ಶೈಲಶ್ರೀ ಬೆಳೆದದ್ದು ಸಂಡೂರಿನ ಹತ್ತಿರದ ಯಶವಂತನಗರದಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅವಳ ತಾಯಿ ಮ್ಯಾಂಗನೀಸ್ ಅದಿರನ್ನು ಕೈಯಿಂದ ಆರಿಸಿ ಬುಟ್ಟಿ ತುಂಬುವ ಹೆಂಗಸರ ಗುಂಪಿನಲ್ಲಿದ್ದಳು. ಕಾದಂಬರಿಯ ನಾಯಕಿ ಹುಲಿಗೆಮ್ಮನೂ ಅಂಥವಳೇ.

ಹಸ್ತಪ್ರತಿಯನ್ನು ಮೊದಲು ಓದಿದ್ದು ಗಂಡ ತಿಪ್ಪೇಶ್. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡನೆಯದಾಗಿ ಓದಿದವರು ಬೆಂಗಳೂರಿನ ಒಬ್ಬ ಪ್ರಕಾಶಕರು. ಅವರು ಫೋನು ಮಾಡಿ ಕತೆ ಚೆನ್ನಾಗಿದೆ, ಪ್ರಕಟಿಸುತ್ತೇವೆ, ಆದರೆ ಸಂಭಾಷಣೆಯನ್ನೆಲ್ಲ ಶಿಷ್ಟ ಕನ್ನಡಕ್ಕೆ ತಿರುಗಿಸಿ ಕೊಡಿ, ಈ ಭಾಷೆ ಎಲ್ಲ ಕಡೆಯ ಓದುಗರಿಗೂ ತಿಳಿಯುವುದಿಲ್ಲ ಎಂದರು. ಒಪ್ಪಿಕೊಳ್ಳುವ ಆಸೆ ಶೈಲಶ್ರೀಗೆ ಇಲ್ಲದೆ ಇರಲಿಲ್ಲ. ಒಂದು ವಾರ ಕುಳಿತು ಮೊದಲ ಅಧ್ಯಾಯ ತಿದ್ದಿದಳು. ಹುಲಿಗೆಮ್ಮ ರೇಡಿಯೋದಲ್ಲಿ ವಾರ್ತೆ ಓದುವವಳಂತೆ ಮಾತಾಡತೊಡಗಿದಳು. ತಿಪ್ಪೇಶ್ ಅದನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಓದಿದ.

“ಇಕಿ ನಮ್ಮ ಹುಲಿಗೆಮ್ಮ ಅಲ್ಲ. ಯಾರೋ ಇನ್‌ಸ್ಪೆಕ್ಷನ್ನಿಗೆ ಬಂದಾಕಿ ಇದ್ದಂಗ ಅದಾಳ,” ಎಂದ.

ಮರುದಿನವೇ ಆಕೆ ಪ್ರಕಾಶಕರಿಗೆ ಆಗುವುದಿಲ್ಲವೆಂದು ತಿಳಿಸಿದಳು. ಪುಟ ಕಟ್ಟುವುದು ತನಗೇ ಗೊತ್ತು, ಕರಡು ತಿದ್ದುವುದು ಗೊತ್ತು, ಮುದ್ರಕರು ಪರಿಚಯದವರು. ಇನ್ನೊಬ್ಬರ ಅನುಮತಿ ಯಾಕೆ ಬೇಕು ಎಂದುಕೊಂಡು ತಾನೇ ಪ್ರಕಾಶಕಿಯಾದಳು. ಗುಡ್ಡಪ್ಪನವರ ಪ್ರೆಸ್ಸಿನಲ್ಲಿ ಐದುನೂರು ಪ್ರತಿ ಅಚ್ಚಾಯಿತು. ಅಂಗಡಿಯ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಪುಸ್ತಕಗಳನ್ನು ಜೋಡಿಸಿಟ್ಟಳು. ಜಾತಿ ಪ್ರಮಾಣಪತ್ರದ ಅರ್ಜಿ ಟೈಪು ಮಾಡಿಸಲು ಬಂದವರು ತಿರುವಿ ನೋಡಿದರು, ಕೆಲವರು ಕೊಂಡರು. ಕೊಂಡವರ ಹೆಸರು, ಊರು, ಫೋನ್ ನಂಬರನ್ನು ಆಕೆ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ತನ್ನನ್ನು ಯಾರು ಓದುತ್ತಾರೆ ಎನ್ನುವುದು ಗೊತ್ತಿರಲಿ ಎಂಬುದಷ್ಟೇ ಅದರ ಉದ್ದೇಶ. ಎರಡು ತಿಂಗಳಲ್ಲಿ ಆ ಪಟ್ಟಿ ನೂರಾ ನಲವತ್ತು ದಾಟಿತು.

ಆಗ ಮರಿಯಮ್ಮನಹಳ್ಳಿಯಿಂದ ಕೊಟ್ರಬಸಮ್ಮ ಎಂಬ ಹೆಂಗಸಿನ ಫೋನು ಬಂತು. ಆಕೆಯದು ಹಿಟ್ಟಿನ ಗಿರಣಿ. ಜೋಳ ಬೀಸಲು ಹಾಕಿ, ಸದ್ದಿನ ನಡುವೆಯೇ ಪುಸ್ತಕ ಓದುವ ಅಭ್ಯಾಸ.

“ಅಲ್ರಿ ಅಕ್ಕಾರ, ನೂರಾ ಹನ್ನೆರಡು ಆದಮ್ಯಾಲ ಮತ್ತ ತೊಂಬತ್ತೇಳು ಬರ್ತತಿ. ಅದು ಮುಗುದ್ರ ನೂರಾ ಇಪ್ಪತ್ತೊಂಬತ್ತು. ಸೈರನ್ ಹೊಡೀತು, ಹುಲಿಗೆಮ್ಮ ತಿರಗಿ ಮ್ಯಾಲ ಹತ್ತಿದ್ಲು. ಪುಟ ತಿರುವಿದ್ರ ಮನ್ಯಾಗ ಕುಂತು ಮಗಳಿಗೆ ಉಣಸಾಕ ಹತ್ಯಾಳ. ಹೆಂಗ ಇಳದ್ಲು ಆಕಿ?”

ಶೈಲಶ್ರೀ ಸ್ಟೂಲಿನ ಮೇಲಿದ್ದ ಪ್ರತಿಯನ್ನು ಬಿಡಿಸಿ ನೋಡಿದಳು. ಹೌದು. ಹದಿನಾರು ಪುಟಗಳ ಒಂದು ಫಾರಮ್ಮು ಎರಡು ಸಲ ಹೊಲಿಗೆಯಾಗಿತ್ತು, ಅದರ ಮುಂದಿನದು ಬಿಟ್ಟೇಹೋಗಿತ್ತು. ಹೋದದ್ದಾದರೂ ಎಂಥ ಪುಟಗಳು! ಏಳನೇ ಬೆಂಚಿನ ಮೇಲೆ ಸಿಡಿಮದ್ದು ತುಂಬಿದ್ದಾರೆ. ಸೈರನ್ ಕೇಳಿ ಎಲ್ಲರೂ ಕೆಳಗಿಳಿದಿದ್ದಾರೆ. ಕಿವಿ ಕೇಳದ ಗೆಳತಿಯೊಬ್ಬಳು ಮೇಲೇ ಉಳಿದಿದ್ದಾಳೆಂದು ಹುಲಿಗೆಮ್ಮ ವಾಪಸು ಹತ್ತುತ್ತಾಳೆ. ಇಡೀ ಕಾದಂಬರಿ ಆ ಎಂಟನೇ ಅಧ್ಯಾಯದ ಮೇಲೆ ನಿಂತಿತ್ತು.

ಗುಡ್ಡಪ್ಪ ನೊಂದುಕೊಂಡರು. ಬೈಂಡಿಂಗಿನಲ್ಲಿ ಮೊದಲ ಕಂತು ಪೂರ್ತಿ ಹಾಗೆಯೇ ಆಗಿತ್ತು, ಉಳಿದವು ಸರಿಯಿದ್ದವು. ನಾನೇ ಆ ಪುಟಗಳನ್ನು ಮತ್ತೆ ಅಚ್ಚು ಹಾಕಿ ಕೊಡುತ್ತೇನೆ, ಬೇಕಾದವರು ಪುಸ್ತಕ ತಂದುಕೊಟ್ಟು ಅಂಟಿಸಿಕೊಂಡು ಹೋಗಲಿ ಎಂದರು. ಶೈಲಶ್ರೀ ಒಪ್ಪಲಿಲ್ಲ. ಕೊಂಡವರು ಏನು ತಪ್ಪು ಮಾಡಿದ್ದಾರೆಂದು ಬಸ್ಸು ಹತ್ತಿ ಬರಬೇಕು? ಹೆಸರುಗಳಿದ್ದವು, ಊರುಗಳಿದ್ದವು. ತಾನೇ ಹೋಗುವುದೆಂದು ನಿಶ್ಚಯಿಸಿದಳು.

ಹಾಗೆ ಏಳು ಭಾನುವಾರ ಆಕೆ ಊರೂರು ಸುತ್ತಿದಳು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಮಡಿಸಿದ ಫಾರಮ್ಮುಗಳು, ಒಂದು ಗೋಂದಿನ ಬಾಟಲಿ, ಒಂದು ಸ್ಟೀಲ್ ಸ್ಕೇಲು. ಜೊತೆಗೆ ಎಲ್ಲೂ ಬಿಡದ ನಾಚಿಕೆ. ಕ್ಷಮಿಸಿ ಎನ್ನುವ ಮಾತನ್ನು ಬಾಗಿಲು ತೆರೆಯುವ ಮುಂಚೆಯೇ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿರುತ್ತಿದ್ದಳು.

ಕಂಪ್ಲಿಯಲ್ಲಿ ಅರ್ಧಕ್ಕರ್ಧ ಜನ ಪುಸ್ತಕ ತೆರೆದೇ ಇರಲಿಲ್ಲ. ಬರೆದವರೇ ಮನೆಗೆ ಬಂದರಲ್ಲ ಎಂದು ಮುಜುಗರಪಟ್ಟು, ಈಗ ಓದುತ್ತೇವೆ ಎಂದು ಮಾತು ಕೊಟ್ಟರು. ಹಂಪಿಯ ಹಾದಿಯಲ್ಲಿ ಕಮಲಾಪುರದ ಗಂಗಾಬಾಯಿ, ನಿವೃತ್ತ ಶಾಲಾ ಶಿಕ್ಷಕಿ, ಮೂರು ಸಲ ಓದಿಯೂ ಪುಟ ಹೋದದ್ದನ್ನು ತಪ್ಪೆಂದು ತಿಳಿದಿರಲಿಲ್ಲ. ಒಂದೇ ಸಂಗತಿ ಎರಡು ಸಲ ಬರುವುದು, ನಡುವೆ ಏನೋ ಬಿಟ್ಟುಹೋಗುವುದು, ಈಗಿನ ಕಾದಂಬರಿಗಳ ರೀತಿಯೇ ಹೀಗೆ ಇರಬೇಕೆಂದು ಭಾವಿಸಿದ್ದರು. ಶೈಲಶ್ರೀಗೆ ನಗು ತಡೆಯಲಾಗಲಿಲ್ಲ. ಗಂಗಾಬಾಯಿಯೂ ನಕ್ಕು, ಅವಲಕ್ಕಿ ಕೊಟ್ಟು, ಅವಳೆದುರೇ ಹದಿನಾರು ಪುಟ ಓದಿ ಮುಗಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಬ್ಬರು ತನ್ನ ಬರಹ ಓದುವಾಗಿನ ಮುಖವನ್ನು ಶೈಲಶ್ರೀ ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಚೀಲ ಹಗುರವಾಗಿತ್ತು. ನಾಚಿಕೆಯೂ ಅಷ್ಟಿಷ್ಟು ಇಳಿದಿತ್ತು.

ಯಶವಂತನಗರವನ್ನು ಆಕೆ ಕೊನೆಗೆ ಇಟ್ಟುಕೊಂಡಿದ್ದಳು. ತವರೂರು, ಅದಕ್ಕೇ ಅಂಜಿಕೆ. ಅಲ್ಲಿ ಪುಸ್ತಕ ಕೊಂಡವರು ಒಂಬತ್ತು ಜನ. ಅವರಲ್ಲಿ ಒಬ್ಬ ಹೊನ್ನೂರಪ್ಪ. ಮೂವತ್ತೊಂದು ವರ್ಷ ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವನು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ದೂರದಿಂದ ವೈರು ಎಳೆದು ಸಿಡಿಸುವ ಕೆಲಸ. ಈಗ ಎಪ್ಪತ್ತು ದಾಟಿತ್ತು. ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದ ಅವನಿಗೆ ಶೈಲಶ್ರೀ ತಾನು ಯಾರ ಮಗಳೆಂದು ಹೇಳಿ, ತಪ್ಪಾದದ್ದನ್ನು ವಿವರಿಸಿ, ಫಾರಮ್ಮನ್ನು ಕೈಗೆ ಕೊಟ್ಟಳು. ಅವನು ಅದನ್ನು ಪಕ್ಕದಲ್ಲಿಟ್ಟು ಒಳಗೆ ಹೋಗಿ ಒಂದು ಹಳೆಯ ನೂರು ಪುಟದ ನೋಟುಬುಕ್ಕು ತಂದ.

“ನೀ ಬರ್ತಿ ಅಂತ ಗೊತ್ತಿರ್ಲಿಲ್ಲವ್ವ. ಪುಟ ಇಲ್ಲದ್ದು ನೋಡಿ ನಾನಽ ಬರದೀನಿ. ಬೈಬ್ಯಾಡ,” ಎಂದ.

ಪೆನ್ಸಿಲ್ಲಿನಲ್ಲಿ ಬರೆದ ಒಂಬತ್ತು ಪುಟಗಳು. ಅಕ್ಷರ ಸೊಟ್ಟಗಿದ್ದವು, ಒಂದು ವಾಕ್ಯ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದಕ್ಕೆ ಗುರುತಿರಲಿಲ್ಲ. ಶೈಲಶ್ರೀಗೆ ಮೊದಲು ಬಂದದ್ದು ಸಿಟ್ಟೇ. ನಾಲ್ಕು ವರ್ಷ ತಾನು ಕಷ್ಟಪಟ್ಟು ಕಟ್ಟಿದ ಜಾಗಕ್ಕೆ ಯಾರೋ ಬಂದು ಚಾಪೆ ಹಾಸಿದಂತಾಯಿತು. ಆದರೂ ಓದಿದಳು. ಓದುತ್ತ ಹೋದಂತೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅವಳ ಅಧ್ಯಾಯದಲ್ಲಿ ಹುಲಿಗೆಮ್ಮ ಗೆಳತಿಯನ್ನು ಎಳೆದುಕೊಂಡು ಓಡುತ್ತಾಳೆ, ಹಿಂದೆ ಗುಡ್ಡ ಸಿಡಿಯುತ್ತದೆ, ಇಬ್ಬರೂ ನಿಂತ ಟಿಪ್ಪರಿನ ಮರೆಗೆ ಬಿದ್ದು ಬದುಕುತ್ತಾರೆ. ಹೊನ್ನೂರಪ್ಪನ ಪುಟಗಳಲ್ಲಿ ಗುಡ್ಡ ಸಿಡಿಯುವುದೇ ಇಲ್ಲ. ಕೆಳಗೆ, ತಿರುಗಿಸಿದರೆ ಮದ್ದು ಸಿಡಿಯುವ ವೈರಿನ ಡಬ್ಬಿಯ ಹಿಡಿಯ ಮೇಲೆ ಒಬ್ಬನ ಕೈ ಇದೆ. ಸೂಪರ್‌ವೈಸರು ಹೊಡಿ ಎನ್ನುತ್ತಿದ್ದಾನೆ. ಆ ಮನುಷ್ಯನಿಗೆ ಮೇಲೆ, ಧೂಳಿನಲ್ಲಿ, ಎರಡು ಸೀರೆಯ ಸೆರಗು ಕಂಡಿದೆ. ಅವನು ಹಿಡಿಯನ್ನು ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಸುಮ್ಮನೆ ನಿಂತುಬಿಡುತ್ತಾನೆ. ಬೈಗುಳ, ಗಲಾಟೆ. ಆ ಇಬ್ಬರು ಹೆಂಗಸರು ಇಳಿದು ಬಂದು ತನ್ನನ್ನು ದಾಟಿ ಹೋಗುವ ತನಕ ಅವನು ಕದಲುವುದಿಲ್ಲ. ಹೆಂಗಸರಿಗೆ ಏನಾಯಿತೆಂದು ಗೊತ್ತೂ ಇಲ್ಲ. ಬಿಸಿಲು ಭಾಳ ಐತಿ ಎಂದು ಮಾತಾಡಿಕೊಳ್ಳುತ್ತ ಹೋಗುತ್ತಾರೆ.

ಇದು ನಡೆದದ್ದೇ ಎಂದು ಶೈಲಶ್ರೀ ಕೇಳಿದಳು. ಹೊನ್ನೂರಪ್ಪ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಆ ಕೆಲಸಕ್ಕೆ ಒಂದು ಮೆಮೋ ಬಂದಿತ್ತು, ಮೂರು ದಿನ ಡ್ಯೂಟಿ ಕೊಟ್ಟಿರಲಿಲ್ಲ ಎಂದಷ್ಟೇ ಹೇಳಿದ. ಆಮೇಲೆ ಅವಳ ಹದಿನಾರು ಪುಟಗಳನ್ನು ತೆಗೆದುಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದ. ಸೊಸೆ ಚಹಾ ತಂದಿಟ್ಟಳು. ಅದು ಆರಿಹೋಯಿತು.

“ಚೊಲೊ ಬರದೀ,” ಎಂದ ಕೊನೆಗೆ. “ಆದರ ಒಂದ್ ಮಾತು ಹೇಳ್ತೀನಿ. ಗುಡ್ಡ ತಾನಽ ಸಿಡೆಂಗಿಲ್ಲವ್ವ. ಸಿಡಸಾವ ಒಬ್ಬ ಇರ್ತಾನ. ನಿನ್ನ ಪುಸ್ತಕದಾಗ ಆ ಮನಶ್ಯಾ ಇಲ್ಲ.”

ಶೈಲಶ್ರೀ ತನ್ನ ಪುಟಗಳನ್ನು ಮತ್ತೆ ತಿರುವಿದಳು. ಮದ್ದು, ಸೈರನ್, ಕಲ್ಲು, ಧೂಳು ಎಲ್ಲವನ್ನೂ ಬರೆದಿದ್ದಳು. ಆ ಮಧ್ಯಾಹ್ನಗಳಲ್ಲಿ ತನ್ನ ತಾಯಿ ಕ್ಷೇಮವಾಗಿ ಮನೆಗೆ ಬರುತ್ತಿದ್ದುದು ಇಂಥವನೊಬ್ಬ ಕೆಳಗೆ ಕಣ್ಣಿಟ್ಟು ನಿಂತಿರುತ್ತಿದ್ದುದರಿಂದ ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ಹೊಸಪೇಟೆಗೆ ವಾಪಸು ಬಂದವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಪುಸ್ತಕ ಆಗಿಹೋಯಿತು, ಮುಂದಿನದರಲ್ಲಿ ನೋಡಿಕೊಂಡರಾಯಿತು ಎಂದು ತಿಪ್ಪೇಶ್ ಸಮಾಧಾನ ಮಾಡಲು ನೋಡಿದ. ಹೇಳುತ್ತಿದ್ದಂತೆ ಅವನಿಗೇ ಏನೋ ಹೊಳೆದು ಮಾತು ನಿಲ್ಲಿಸಿದ. “ಅಲ್ಲ, ಯಾರನ್ನ ಕೇಳಬೇಕು ನೀನು? ಪ್ರಕಾಶಕಿ ನೀನಽ ಅಲ್ಲೇನು?” ಎಂದ.

ಅದು ನಿಜವಾಗಿತ್ತು. ಯಾರ ಸಮಿತಿಯನ್ನೂ ಕೇಳಬೇಕಿರಲಿಲ್ಲ, ಯಾವ ಒಪ್ಪಂದವೂ ಅಡ್ಡ ಬರುತ್ತಿರಲಿಲ್ಲ. ಉಳಿದ ಪ್ರತಿಗಳು ಆಗಲೇ ಮುಗಿಯುತ್ತ ಬಂದಿದ್ದವು. ಪುಟ ಅಂಟಿಸುತ್ತ ಊರೂರು ತಿರುಗುವ ಬರಹಗಾರ್ತಿಯ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕೇಳಿ ಬರುವವರು ಹೆಚ್ಚಾಗಿದ್ದರು. ಆಕೆ ಎಂಟನೇ ಅಧ್ಯಾಯವನ್ನು ಮೊದಲಿನಿಂದ ಬರೆದಳು. ಹೊನ್ನೂರಪ್ಪನ ವಾಕ್ಯಗಳನ್ನು ಎತ್ತಿಕೊಳ್ಳಲಿಲ್ಲ. ಅವನು ತೋರಿಸಿದ ಮನುಷ್ಯನನ್ನು ತಾನೇ ಹುಡುಕಿಕೊಂಡು ಹೋದಳು. ಅವನು ಹಿಡಿಯನ್ನು ಜೇಬಿಗಿಟ್ಟ ಆ ಸಾಲಿಗೆ ಹನ್ನೊಂದು ದಿನ ಹಿಡಿಯಿತು. ಹೊಸ ಅಧ್ಯಾಯವನ್ನು ಯಶವಂತನಗರಕ್ಕೆ ಒಯ್ದು ಹೊನ್ನೂರಪ್ಪನೆದುರು ಓದಿ, ಎರಡನೇ ಮುದ್ರಣದಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಕೇಳಿದಳು.

ಹೊನ್ನೂರಪ್ಪ ಆ ಪುಟಗಳನ್ನು ಮಡಿಸಿ ಅವಳ ಕೈಗೆ ಕೊಟ್ಟ. “ಹಾಕು. ಆದರ ಮೆಮೋ ಕೊಟ್ಟಾವನ ಹೆಸರು ಬ್ಯಾಡ. ಆತನೂ ಹೊಟ್ಟಿಪಾಡಿಗೇ ಬಂದಾವ,” ಎಂದ.

ಎರಡನೇ ಮುದ್ರಣ ಸಾವಿರ ಪ್ರತಿ ಬಂತು. ಗುಡ್ಡಪ್ಪ ಈ ಸಲ ಪ್ರತಿಯೊಂದು ಫಾರಮ್ಮನ್ನೂ ತಾವೇ ನಿಂತು ಎಣಿಸಿದರು. ಮೊದಲ ಪುಟದಲ್ಲಿ ಎರಡು ಸಾಲು: ಎಂಟನೇ ಅಧ್ಯಾಯ ಹೊಸದಾಗಿ ಬರೆದದ್ದು, ಅದಕ್ಕೆ ಕಾರಣರು ಯಶವಂತನಗರದ ಹೊನ್ನೂರಪ್ಪನವರು. ಪುಸ್ತಕ ಹೊರಬಂದ ವಾರದೊಳಗೆ ಕೊಟ್ರಬಸಮ್ಮನ ಫೋನು. ಹಳೆಯ ಪುಸ್ತಕ ಕೊಂಡವರಿಗೆ ಹೊಸ ಅಧ್ಯಾಯ ಇಲ್ಲವೇ, ಇದು ಯಾವ ನ್ಯಾಯ ಎಂದು ಆಕೆಯ ತಕರಾರು. ಶೈಲಶ್ರೀ ಆ ಅಧ್ಯಾಯವನ್ನು ಬಿಡಿಯಾಗಿ ಅಚ್ಚು ಹಾಕಿಸಿ ಹಳೆಯ ಓದುಗರಿಗೆಲ್ಲ ಅಂಚೆಯಲ್ಲಿ ಕಳಿಸಿದಳು. ಗಂಗಾಬಾಯಿ ಪತ್ರ ಬರೆದರು. ನನಗೆ ಎರಡೂ ಬೇಕು, ಎರಡನ್ನೂ ಪುಸ್ತಕದೊಳಗೇ ಇಟ್ಟುಕೊಂಡಿದ್ದೇನೆ ಎಂದು.

ಚಳಿಗಾಲದಲ್ಲಿ ಯಶವಂತನಗರದವರೇ ಒಂದು ಓದು ಏರ್ಪಡಿಸಿದರು. ಶಾಮಿಯಾನ ಇರಲಿಲ್ಲ, ಹಾರತುರಾಯಿ ಇರಲಿಲ್ಲ. ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಮೊದಲ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಇಳಿದವರು ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ಕುಳಿತರು. ಹಿಂದೆ ಅದಿರು ಆರಿಸುತ್ತಿದ್ದ ಮುದುಕಿಯರು ಮುಂದಿನ ಸಾಲಿನಲ್ಲಿದ್ದರು. ಶೈಲಶ್ರೀ ಎಂಟನೇ ಅಧ್ಯಾಯ ಓದಿದಳು. ಹುಲಿಗೆಮ್ಮ ಮಾತಾಡಿದಾಗೆಲ್ಲ ಮುದುಕಿಯರು ತಮ್ಮ ಪಕ್ಕದವರನ್ನು ಮೊಣಕೈಯಿಂದ ತಿವಿದರು. ಸೂಪರ್‌ವೈಸರು ಹೊಡಿ ಎನ್ನುವಲ್ಲಿಗೆ ಬಂದಾಗ ಹೆಲ್ಮೆಟ್ಟಿನವರು ಕುಳಿತಲ್ಲೇ ಮುಂದಕ್ಕೆ ಬಾಗಿದರು.

ಓದು ಮುಗಿದ ಮೇಲೆ ಸಂಡೂರಿನಿಂದ ಬಂದಿದ್ದ ಕಾಲೇಜು ಮೇಷ್ಟರೊಬ್ಬರು ಎದ್ದು, ಇಂಥ ಪುಸ್ತಕವನ್ನು ಯಾವ ಪ್ರಕಾಶನದವರು ತಂದರು, ಮಕ್ಕಳಿಗೆ ತರಿಸಬೇಕು ಎಂದು ಕೇಳಿದರು. ಈ ಪ್ರಶ್ನೆಗೆ ಶೈಲಶ್ರೀ ಹಿಂದೆಲ್ಲ ತಲೆ ತಗ್ಗಿಸಿ, ಏನೋ ನಾನೇ ಅಷ್ಟಿಷ್ಟು ಮಾಡಿಕೊಂಡೆ ಎನ್ನುತ್ತಿದ್ದಳು. ಈಗ ತಲೆ ಎತ್ತಿಯೇ ಇದ್ದಳು.

“ನಾನಽ ತಂದೀನ್ರಿ. ಬರದಾಕಿನೂ ನಾನಽ, ತಂದಾಕಿನೂ ನಾನಽ,” ಎಂದಳು. “ತಿದ್ದಿದವರು ಅಲ್ಲಿ ಕುಂತಾರ ನೋಡ್ರಿ.”

ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು. ಹೊನ್ನೂರಪ್ಪ ಎದ್ದು ನಿಂತು, ತಲೆಯ ರುಮಾಲು ಸರಿಮಾಡಿಕೊಂಡು, ಸುತ್ತಲಿನವರಿಗೆ ಕೈ ಮುಗಿದ. ಮುಂದಿನ ಸಾಲಿನ ಮುದುಕಿಯೊಬ್ಬಳು ತಾನೂ ಒಂದು ಸಂಗತಿ ಹೇಳುವುದಿದೆ, ಅದು ಪುಸ್ತಕದಲ್ಲಿ ಬಂದೇ ಇಲ್ಲ ಎಂದಳು. ಶೈಲಶ್ರೀ ಜಮಖಾನೆಯ ಮೇಲೆ ಅವಳ ಪಕ್ಕದಲ್ಲಿ ಹೋಗಿ ಕುಳಿತು, ಹೇಳ್ರಿ ಎಂದಳು.