ಎಪ್ಪತ್ತೊಂದು ಕಿಲೋ ಕುರಿ

ಗುರುವಾರ, 14 ಮೇ 1987, ಬೆಳಿಗ್ಗೆ 9.40ಕ್ಕೆ ನೀಲಾಬಾಯಿ ಕುರಿಯಾದಳು. ಸ್ಟೀಲ್ ಡಬ್ಬಿಯಿಂದ ಅವಳು ಎತ್ತಿದ ಚೀಟಿಯಲ್ಲಿ ‘ಕಳೆದುಹೋದ ಕುರಿ’ ಎಂದು ಬರೆದಿತ್ತು.

ಸಯನ್ನಿನ ಕನ್ನಡ ಚರ್ಚೊಂದು ಹದಿಹರೆಯದ ಹುಡುಗಿಯರಿಗಾಗಿ ಐದು ದಿನದ ಶಿಬಿರ ನಡೆಸುತ್ತಿತ್ತು. ಜಾಗ ಕಾಂದಿವಲಿಯಲ್ಲಿ, ಬೇಸಿಗೆ ರಜೆಗೆ ಮುಚ್ಚಿದ್ದ ಒಂದು ಶಾಲೆ. ಹುಡುಗಿಯರು ಇಪ್ಪತ್ತನಾಲ್ಕು. ಅಂಗಳದಲ್ಲಿ ಕಟ್ಟಿದ್ದ ಬ್ಯಾನರಿನಲ್ಲಿ ‘ನೀನು ಅಮೂಲ್ಯಳು’ ಎಂದಿತ್ತು. ದಿನವೂ ಪ್ರಾರ್ಥನೆಯ ನಂತರ ಹುಡುಗಿಯರು ಎರಡು ಸಾಲಿನಲ್ಲಿ ಎದುರುಬದುರು ನಿಂತು, ಮುಂದಿರುವವಳಿಗೆ ಆ ಮಾತನ್ನು ಮೂರು ಸಲ ಹೇಳಬೇಕಿತ್ತು. ನಕ್ಕವರು ನಾಲ್ಕನೆಯ ಸಲವೂ ಹೇಳಬೇಕಿತ್ತು.

ನೀಲಾಬಾಯಿಗೆ ಹದಿನಾಲ್ಕು ವರ್ಷ. ಶಿಬಿರದಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ದಪ್ಪ. ಬುಧವಾರ ಸ್ಟೇಷನ್ನಿನಿಂದ ಬರುವಾಗ ಅವಳ ತಲೆಯ ಮೇಲೆ ಪಾಸ್ಟರ ಮಗಳು ಶಾಮಲಾಳ ಟ್ರಂಕು ಇತ್ತು, ಒಂದು ಕೈಯಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ತನ್ನ ಚೀಲ. ಹೊರುತ್ತೀಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಶಾಮಲಾ ಟ್ರಂಕನ್ನು ಅವಳ ಮುಂದಿಟ್ಟು, “ನೀಲಾ, ತೂ ಸ್ಟ್ರಾಂಗ್ ಹೈ ನಾ,” ಎಂದಿದ್ದಳು, ಅಷ್ಟೆ.

ಶನಿವಾರ ಸಂಜೆ ತಂದೆತಾಯಿಯರ ಮುಂದೆ ಆಡಬೇಕಿದ್ದ ನಾಟಕದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಕುರುಬ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಆ ಒಂದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತಂದು, ನೆರೆಯವರನ್ನು ಕರೆದು ಸಂತೋಷಪಡುತ್ತಾನೆ. ನೆರೆಯವರು ಮೂವರು; ತೊಂಬತ್ತೊಂಬತ್ತು ಕುರಿಗಳಾಗಿ ಹತ್ತೊಂಬತ್ತು ಹುಡುಗಿಯರು. ಕುರುಬನ ಚೀಟಿ ಬಂದದ್ದು ಶಾಮಲಾಳಿಗೆ. ಅವಳು ಶಿಬಿರದಲ್ಲಿ ಎಲ್ಲರಿಗಿಂತ ಸಣಕಲು.

ಶಿಬಿರದ ಮುಖ್ಯಸ್ಥೆ ಸುಮಿತ್ರಾ ಟೀಚರ್ ಚೀಟಿಗಳನ್ನು ಮತ್ತೆ ಎತ್ತಿಸೋಣ ಎಂದರು. ಚರ್ಚಿನ ಹಿರಿಯ ಅಣವೀರಪ್ಪ ಒಪ್ಪಲಿಲ್ಲ.

“ಪ್ರಾರ್ಥನಾ ಮಾಡಿ ಎತ್ತಿದ ಚೀಟಿ, ಟೀಚರಮ್ಮಾ. ಮನಸ್ಸಿಗಿ ಬರಲಿಲ್ಲಂತ ವಾಪಸ್ ಡಬ್ಬಿಗಿ ಹಾಕ್ಲಿಕ್ಕಿ ಬರಲ್ಲ.”

ಟೀಚರ್ ನೀಲಾಬಾಯಿಯನ್ನೇ ಪಕ್ಕಕ್ಕೆ ಕರೆದರು. “ನೀನೇ ಬದಲಾಯಿಸ್ಕೊಂಡುಬಿಡಮ್ಮ. ಕುರುಬನ ಪಾತ್ರ ದೊಡ್ಡದು, ಮಾತೂ ಜಾಸ್ತಿ.”

“ಬ್ಯಾಡ್ರಿ ಟೀಚರ್. ನನಗ ಕುರೀನೇ ಬೇಕು.”

“ಯಾಕೆ?”

“ಮನ್ಯಾಗ ತಮ್ಮಂದಿರಿಗಿ ನಾನೇ ಎತ್ತತೀನ್ರಿ. ನೀರಿನ ಕೊಡ ನಾನೇ ಎತ್ತತೀನಿ. ನನಗ ಯಾರೂ ಎತ್ತಿಲ್ರಿ.”

ಆ ಬೆಳಗಿನ ಪಾಠ ‘ಬೇಕಾದದ್ದನ್ನು ಧೈರ್ಯವಾಗಿ ಕೇಳು’ ಎಂಬುದಾಗಿತ್ತು. ಪಾಠ ಮಾಡಿದ್ದವರು ಸುಮಿತ್ರಾ ಟೀಚರೇ.

ಅಣವೀರಪ್ಪ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ತೂಕ ಗೊತ್ತಾಗದೆ ಯಾವ ಸಾಮಾನನ್ನೂ ಸಾಗಿಸುವ ಮಾತು ಆಡುವವರಲ್ಲ. ಮಧ್ಯಾಹ್ನ ಅವರು, ಟೀಚರ್ ಮತ್ತು ಕುರಿ ಕಾಂದಿವಲಿ ಸ್ಟೇಷನ್ನಿಗೆ ಹೋದರು. ಪ್ಲಾಟ್‌ಫಾರ್ಮಿನ ತೂಕದ ಮಷೀನು ದೀಪ ತಿರುಗಿಸಿ, ಸದ್ದು ಮಾಡಿ, ಒಂದು ರಟ್ಟಿನ ಟಿಕೆಟ್ಟು ಉಗುಳಿತು: 71 ಕಿಲೋ. ಹಿಂಬದಿಯಲ್ಲಿ ಹಿಂದಿಯಲ್ಲಿ ಭವಿಷ್ಯ ಅಚ್ಚಾಗಿತ್ತು. ಭವಿಷ್ಯ ಓದುವುದು ಪಾಪವಾದ್ದರಿಂದ ಟೀಚರ್ ಅದರ ಮೇಲೆ ಇಂಕು ಬಳಿದರು. ತೂಕವನ್ನು ಹಾಗೆಯೇ ಬಿಟ್ಟರು.

“ಓದಿಬಿಟ್ಟೀನ್ರಿ ಟೀಚರ್,” ಎಂದಳು ನೀಲಾಬಾಯಿ. “ಪರದೇಶಕ್ಕ ಹೋಗ್ತೀನಂತ.”

“ಒಂದು ಹಮಾಲಗ ನಲವತ್ತು ಕಿಲೋ ಲೆಕ್ಕ ಹಿಡೀರಿ,” ಎಂದರು ಅಣವೀರಪ್ಪ. “ಈಕೀಗಿ ಇಬ್ಬರು ಕುರುಬರು ಬೇಕು.”

ಇಬ್ಬರು ಕುರುಬರಿಗೆ ಪಾಸ್ಟರು ಒಪ್ಪಲಿಲ್ಲ, ರಕ್ಷಕನು ಒಬ್ಬನೇ. ಶಾಲೆಯ ಪ್ರಯೋಗಾಲಯದಲ್ಲಿ ಗಾಲಿಯ ಮೇಜೊಂದಿತ್ತು. ಬೈಬಲ್ ವಾಕ್ಯದಲ್ಲಿ ಹೆಗಲು ಎಂದಿದೆ, ಗಾಲಿ ಎಂದಿಲ್ಲ ಎಂದು ಅದನ್ನು ಅಣವೀರಪ್ಪ ತಳ್ಳಿಹಾಕಿದರು. ಕೊನೆಗೆ ಶಾಮಲಾ ಅಕ್ಕಿಚೀಲದೊಂದಿಗೆ ಅಭ್ಯಾಸ ಮಾಡುವುದೆಂದು ತೀರ್ಮಾನವಾಯಿತು. ಶುಕ್ರವಾರ ಸಂಜೆಯ ಹೊತ್ತಿಗೆ ಅವಳು ಹತ್ತು ಕಿಲೋ ಹೆಗಲಿಗೇರಿಸಿದಳು.

“ನಂಬಿಕೆ ಇದ್ದರೆ ಬೆಟ್ಟವೂ ಜರುಗುತ್ತದೆ,” ಎಂದರು ಪಾಸ್ಟರು.

“ಜರುಗತದ ಅಂತ ಅದ, ಅಯ್ಯನೋರೆ,” ಎಂದರು ಅಣವೀರಪ್ಪ. “ಹೆಗಲ ಮ್ಯಾಲ ಕೂಡತದ ಅಂತಿಲ್ಲ.”

ಶನಿವಾರ 7.30ಕ್ಕೆ ನಾಟಕ ಶುರುವಾಯಿತು. ನಲವತ್ತರಷ್ಟು ತಂದೆತಾಯಿಯರು ಬೆಂಚುಗಳ ಮೇಲೆ ಕೂತಿದ್ದರು. ಎರಡು ಬಿಳಿ ಚಾದರ ಸುತ್ತಿಕೊಂಡು, ಕಿವಿಗೆ ಹತ್ತಿ ಅಂಟಿಸಿಕೊಂಡ ನೀಲಾಬಾಯಿ ನೀರಿನ ಡ್ರಮ್ಮಿನ ಹಿಂದೆ ಮಲಗಿದ್ದಳು. 7.52ಕ್ಕೆ ಕುರುಬ ಅವಳನ್ನು ಕಂಡುಹಿಡಿದ. ಅಲ್ಲಿಗೆ ನಾಟಕ ನಿಂತಿತು.

ಶಾಮಲಾ ಕೈ ಹಿಡಿದು ಎಳೆದಳು. ಕಾಲು ಹಿಡಿದು ಎಳೆದಳು. ನಂತರ ಬಗ್ಗಿ ಪಿಸುಗುಟ್ಟಿದಳು. “ಚಲ್ ನಾ ಯಾರ್, ನಡಿ. ಪ್ಲೀಸ್.”

“ನಡ್ಯಲ್ಲ,” ಎಂದಿತು ಕುರಿ. “ಹೊರು.”

ಬದಿಯಿಂದ ಸುಮಿತ್ರಾ ಟೀಚರ್, “ನೀಲಾ, ಮೆಲ್ಲಗೆ ಎದ್ದು ಬಂದ್ಬಿಡಮ್ಮ, ಯಾರೂ ಏನೂ ಅಂದ್ಕೊಳ್ಳಲ್ಲ,” ಎಂದರು.

“ಬ್ಯಾನರ್ ಮ್ಯಾಲ ಏನು ಬರದದ್ರಿ, ಟೀಚರ್?” ಎಂದು ಕುರಿ ಎಲ್ಲರಿಗೂ ಕೇಳುವಂತೆ ಕೇಳಿತು.

ಇದೂ ನಾಟಕದ ಭಾಗವೆಂದು ಒಬ್ಬರು ಚಪ್ಪಾಳೆ ತಟ್ಟಿದರು. ಪಾಸ್ಟರು ಎದ್ದು, ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದು ಹದಿನಾಲ್ಕು ನಿಮಿಷ ಪ್ರಾರ್ಥಿಸಿದರು. ಅಷ್ಟರೊಳಗೆ ಅವಳು ಎದ್ದು ನಡೆಯಲಿ ಎಂಬುದು ಅವರ ಎಣಿಕೆ. ಆಮೆನ್ ಹೇಳಿ ಕಣ್ಣು ತೆರೆದಾಗ ಕುರಿ ಅಲ್ಲೇ ಇತ್ತು, ಎದೆಯ ಮೇಲೆ ಕೈಕಟ್ಟಿಕೊಂಡು.

ನಾಟಕ ಮುಗಿಯದೆ ಊಟ ಇಲ್ಲವೆಂದು ಮೊದಲೇ ಹೇಳಲಾಗಿತ್ತು. ಹಿಂದಿನ ಕೋಣೆಯಿಂದ ಮಟನ್ ಬಿರ್ಯಾನಿಯ ವಾಸನೆ ಬರುತ್ತಿತ್ತು. ತೊಂಬತ್ತೊಂಬತ್ತು ಕುರಿಗಳು ನಾಟಕ ಶುರುವಾದಾಗಿನಿಂದ ಸಿಮೆಂಟಿನ ಮೇಲೆ ಮೊಣಕಾಲೂರಿದ್ದವು.

“ಮೊಣಕಾಲ್ ಗಯಾ ಮೇರಾ,” ಎಂದಿತು ಒಂದು ಕುರಿ.

“ಬಿರ್ಯಾನಿ ಆರ್ಲಿಕತ್ತದ. ಏಳ್ರೇ,” ಎಂದಿತು ಇನ್ನೊಂದು.

ಕುರಿಗಳು ಎದ್ದು ಡ್ರಮ್ಮಿನ ಕಡೆಗೆ ಹೊರಟವು.

“ಏ, ಏ! ನೀವು ಅಡವ್ಯಾಗೇ ಇರಬೇಕು!” ಎಂದು ಅಣವೀರಪ್ಪ ಕೂಗಿದರು. ಯಾರೂ ಕೇಳಲಿಲ್ಲ.

ಕೈ ಹಾಕಲು ಜಾಗ ಸಿಕ್ಕದ್ದು ಎಂಟು ಜನಕ್ಕೆ. ಮೂರು ಎಣಿಸಿ ಎತ್ತಿದರು. ನೀಲಾಬಾಯಿ ನೆಲ ಬಿಟ್ಟಳು. ಎಂಟು ಹೆಗಲುಗಳ ಮೇಲೆ ಅವಳು ಅಂಗಾತ ಮಲಗಿದ್ದಳು, ನಗದೆ, ಕಣ್ಣು ತೆರೆದುಕೊಂಡು. ಮುಂದೆ ಕುರುಬ ಕೋಲು ಹಿಡಿದು ನಡೆದ.

ಅಣವೀರಪ್ಪನ ತುಟಿ ಅಲ್ಲಾಡುತ್ತಿತ್ತು. “ಎಪ್ಪತ್ತೊಂದಕ್ಕ ಎಂಟು ಮಂದಿ. ಒಬ್ಬೊಬ್ಬಾಕೀಗಿ ಒಂಬತ್ತು ಕಿಲೋನೂ ಇಲ್ಲ. ಹೋಗ್ಲಿ, ನಡೀತದ.”

ನೆರೆಯವರ ಹತ್ತಿರ ಇಳಿಸಲು ಬಗ್ಗಿದಾಗ ಮೇಲಿನಿಂದ ಮಾತು ಬಂತು. “ಇನ್ನೊಂದು ಸುತ್ತು.”

“ಪಾಗಲ್ ಹೈ ಕ್ಯಾ?” ಎಂದಳು ಕೆಳಗಿದ್ದವಳು. ಆದರೂ ಸುತ್ತಿದರು, ಪೂರ್ತಿ ಅಲ್ಲ, ಅರ್ಧ. 8.25ಕ್ಕೆ ಊಟ ಬಡಿಸಿದರು.

ಭಾನುವಾರ ಬೆಳಿಗ್ಗೆ ಆರಾಧನೆಗೆ ಸಯನ್ ಮುಟ್ಟಬೇಕಿತ್ತು. ಶಾಮಲಾ ಟ್ರಂಕನ್ನು ತಂದು ನೀಲಾಬಾಯಿಯ ಮುಂದಿಟ್ಟಳು. “ನೀಲಾ, ತೂ ಸ್ಟ್ರಾಂಗ್ ಹೈ ನಾ.”

“ಹಾಂ,” ಎಂದಳು ನೀಲಾಬಾಯಿ. ತನ್ನ ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದಳು.

ಶಾಮಲಾ ಟ್ರಂಕನ್ನು ತಾನೇ ಹೊತ್ತಳು. ಸ್ಟೇಷನ್ ತಲುಪುವಷ್ಟರಲ್ಲಿ ನಾಲ್ಕು ಕಡೆ ಇಳಿಸಿದಳು. 8.05ರ ಲೋಕಲ್ ತಪ್ಪಿತು. ಸಯನ್ನಿನ ಗಾಡಿ ಹಿಡಿಯಲು ಎಲ್ಲರೂ 8.21ರ ಲೋಕಲ್ಲಿನಲ್ಲಿ ದಾದರಿಗೆ ಹೊರಟರು.