ಟಾರ್ಪಾಲಿನ ಅಡಿ

ಮೇ ತಿಂಗಳ ಕೊನೆಯಲ್ಲಿ ಟಾರ್ಪಾಲು ತೆಗೆಯುವುದು ಜೆಜು ದ್ವೀಪದ ಆ ದಡದ ವಾಡಿಕೆ. ಚಳಿಗಾಲದ ಗಾಳಿ ಕಪ್ಪು ಮರಳನ್ನು ಹೊತ್ತೊಯ್ಯದಿರಲೆಂದು ಹೆಂಗಸರು ನವೆಂಬರಿನಲ್ಲೇ ದಡಕ್ಕೆ ಹೊದಿಕೆ ಹಾಸಿ, ಅಂಚಿಗೆ ಮೂಟೆ ಹೇರಿರುತ್ತಾರೆ. ಬೇಸಿಗೆಯಲ್ಲಿ ಅದೇ ಮರಳು ಬಿಸಿಲಿಗೆ ಕಾಯುತ್ತದೆ; ಮಂಡಿನೋವಿನವರು ಬಂದು ಕುತ್ತಿಗೆವರೆಗೆ ಹೂಳಿಸಿಕೊಂಡು ಮಲಗುತ್ತಾರೆ. ಅವರನ್ನು ಹೂಳುವ ಚುನ್‌ಒಕ್‌ಳ ಅನ್ನ ಮೂವತ್ತೆಂಟು ವರ್ಷಗಳಿಂದ ಅದರಲ್ಲೇ.

ಅವಳೂ ನಾದಿನಿ ಸುನ್‌ಇಮ್‌ಳೂ ಹೊದಿಕೆ ಎತ್ತಿದರು. ಅಡಿಯಲ್ಲಿ ತೆಳ್ಳಗಿನ ಮರಳು, ಅಲ್ಲಲ್ಲಿ ಬರೀ ಬಂಡೆ ಇತ್ತು.

ಚುನ್‌ಒಕ್ ಕಬ್ಬಿಣದ ಸಲಾಕೆ ತಂದು ಹತ್ತು ಹೆಜ್ಜೆಗೊಂದರಂತೆ ಚುಚ್ಚುತ್ತ ಹೋದಳು. ಒಬ್ಬರನ್ನು ಹೂಳಲು ಎರಡು ಗೇಣು ಆಳ ಬೇಕು. ಎಲ್ಲೂ ನಾಲ್ಕು ಬೆರಳು ದಾಟಲಿಲ್ಲ. ಕೊನೆಯ ಸಲವೂ ಮೊದಲ ಸಲದಷ್ಟೇ ನಿಧಾನವಾಗಿ ಚುಚ್ಚಿದಳು.

"ಟಾರ್ಪಾಲು ಒಂಚೂರೂ ಹರಿದಿಲ್ಲ ಅತ್ತಿಗೆ," ಎಂದಳು ಸುನ್‌ಇಮ್. "ಕಳ್ಳ ಬೀಗ ಮುರೀದೇನೇ ಮನೆ ಗುಡಿಸ್ಕೊಂಡು ಹೋಗಿದಾನೆ."

ಅಳತೆಗೆಂದು ಬಂದಿದ್ದ ಕರಾವಳಿ ಎಂಜಿನಿಯರ್ ತೇಹ್ಯೊಕ್ ದಡದ ಹಿಂಬದಿಗೆ ಅಲೆ ತಡೆಯಲು ಕಟ್ಟಿದ್ದ ಕಾಂಕ್ರೀಟು ಗೋಡೆ ತೋರಿಸಿದ. "ಗಾಳಿ ಅಲ್ಲ, ದೊಡ್ಡಮ್ಮ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಬುಡದ ಮರಳು ಕೆರ್ಕೊಂಡು ಹೋಗುತ್ತೆ. ಹೊದಿಕೆ ಅಡೀಲೇ ಹೋಗಿದೆ. ಗೋಡೆ ಒಡೆದ್ರೆ ಮೂರ್ನಾಲ್ಕು ವರ್ಷದಲ್ಲಿ ಸ್ವಲ್ಪ ಬರಬಹುದು."

"ಲಾರೀಲಿ ತಂದು ಸುರೀರಿ," ಎಂದಳು ಸುನ್‌ಇಮ್.

"ಸಿಗೋದು ಬಿಳಿ ಮರಳು. ಇಷ್ಟು ಕಾಯಲ್ಲ. ಗೋಡೆ ಇರೋವರೆಗೂ ಅದೂ ನಿಲ್ಲಲ್ಲ."

ಗೋಡೆಯ ಹಿಂದೆಯೇ ಸುನ್‌ಇಮ್‌ಳ ಮನೆ. ಆರು ವರ್ಷದ ಹಿಂದೆ ಚಂಡಮಾರುತದ ಅಲೆ ಅವಳ ಅಡುಗೆಮನೆಗೆ ನುಗ್ಗಿದಾಗ, ಗೋಡೆ ಬೇಕೆಂದು ಅರ್ಜಿ ಬರೆಸಿದ್ದು ಮರಳುಸ್ನಾನದ ಹೆಂಗಸರ ಸಂಘದ ಮುಖ್ಯಸ್ಥೆಯಾದ ಚುನ್‌ಒಕ್. ಈಗ ಅದನ್ನು ಒಡೆಯಲೂ ಸಂಘದ ಅಭಿಪ್ರಾಯ ಬೇಕೆಂದು ತೇಹ್ಯೊಕ್ ಕಾಗದ ತೆಗೆದ.

ಸುನ್‌ಇಮ್ ಕಡಲ ಕಡೆ ತಿರುಗಿ ನಿಂತಳು. "ನನ್ನ ಮುಖ ನೋಡ್ಬೇಡಿ ಅತ್ತಿಗೆ. ನನ್ಮನೇಗೆ ನೀರು ನುಗ್ಗಿದ್ರೆ ನಿಮ್ಮನೇಗೇ ಬಂದು ಗೊರಕೆ ಹೊಡ್ಕೊಂಡು ಬಿದ್ದಿರ್ತೀನಿ."

"ನಿನ್ನ ಗೊರಕೆ ನಂಗೆ ಬೇಡ," ಎಂದಳು ಚುನ್‌ಒಕ್. "ಗೋಡೆ ಇರ್ಲಿ ಅಂತ ಬರ್ಕೊಳಪ್ಪ."

"ದೊಡ್ಡಮ್ಮ, ಇನ್ನೊಂದ್ಸಲ ಯೋಚ್ನೆ..."

"ಬರ್ಕೊಂಡ್ಯಾ?"

ಅವನು ಬರೆದುಕೊಂಡ. ಅವಳು ಸಹಿ ಹಾಕಿದಳು. ಎದೆಯಲ್ಲಿ ಏನಾದರೂ ಆಗಬಹುದೆಂದು ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ಸುನ್‌ಇಮ್ ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ ಕೇಳಿಸಿತು.

ಮಧ್ಯಾಹ್ನ ಚುನ್‌ಒಕ್ ಬೂಸಾನ್ ನಗರದ ಮುದುಕಿಯೊಬ್ಬಳಿಗೆ ಫೋನ್ ಮಾಡಿದಳು. ಹತ್ತೊಂಬತ್ತು ಬೇಸಿಗೆಯಿಂದ ಮರಳುಸ್ನಾನಕ್ಕೆ ತಪ್ಪದೆ ಬರುತ್ತಿದ್ದವಳು.

"ಈ ಸಲ ಬರ್ಬೇಡಿ. ಮಂಡಿಗೆ ಬಿಸಿನೀರಿನ ಚೀಲ ಇಟ್ಕೊಳ್ಳಿ."

"ಬರೋ ವರ್ಷ?"

"ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ."

ಆ ಕಡೆಯಿಂದ ಮುದುಕಿ ಇನ್ನೂ ಏನೋ ಕೇಳುತ್ತಿದ್ದಳು. ಚುನ್‌ಒಕ್ ಫೋನಿಟ್ಟು, ಪ್ರತಿವರ್ಷ ಬರುವವರ ಪಟ್ಟಿಯ ಎರಡನೇ ಹೆಸರಿನ ಮೇಲೆ ಬೆರಳಿಟ್ಟಳು.